‘ಮೇಜು’ ಪಾರಸಿಯೋ, ಪೋರ್ಚುಗೀಸೋ?

ಪ್ರಶ್ನೆ:
ಅಲಮಾರು, ಚಾವಿ ಪೋರ್ಚುಗೀಸಿನಿಂದ ಬಂದವು ಎಂಬುದರಲ್ಲಿ ತಕರಾರಿಲ್ಲ. ‘ಮೇಜು’ ಪದವನ್ನೂ ಕೆಲವರು ಅದೇ ಪಟ್ಟಿಗೆ ಸೇರಿಸಿ ಪೋರ್ಚುಗೀಸಿನ ‘ಮೇಸ’ವನ್ನು ಮೂಲ ಎನ್ನುತ್ತಾರೆ. ಪಾರಸಿಯಲ್ಲೂ ‘ಮೇಜ಼್’ ಇದೆ, ಅರ್ಥವೂ ಅದೇ. ಯಾವುದು ಸರಿ?

ಉತ್ತರ 1:
ಪಾರಸಿಯೇ. ಅಲ್ಲಿನ ಜ಼ಕಾರ ನಮ್ಮಲ್ಲಿ ಜಕಾರವಾಗುತ್ತದೆ: ಬಜಾರು, ಜಮೀನು, ದರ್ಜಿ, ಅರ್ಜಿ. ಪೋರ್ಚುಗೀಸಿನಿಂದ ತೆಗೆದುಕೊಂಡ ಮಲಯಾಳದಲ್ಲಿ ‘ಮೇಶ’, ತಮಿಳಿನಲ್ಲಿ ‘ಮೇಸೈ’ ಇದೆ ನೋಡಿ. ಎರಡರಲ್ಲೂ ಜಕಾರವಿಲ್ಲ.

ಉತ್ತರ 2:
ತೀರ್ಮಾನ ಒಪ್ಪುತ್ತೇನೆ, ಆದರೆ ಜಕಾರವೊಂದೇ ಸಾಕ್ಷಿಯಾಗದು ಸರ್. ಪೋರ್ಚುಗೀಸಿನಲ್ಲಿ ಎರಡು ಸ್ವರಗಳ ನಡುವಿನ ಸಕಾರವನ್ನು ಜ಼ ಎಂದೇ ಉಚ್ಚರಿಸುತ್ತಾರೆ. ಬರವಣಿಗೆ ನೋಡಿ ಹೋಲಿಸಿದರೆ ಇಲ್ಲೇ ಎಡವುತ್ತೇವೆ.

ಪದದ ಕೊನೆಯನ್ನು ನೋಡಿ. ಪಾರಸಿಯ ‘ಮೇಜ಼್’ ವ್ಯಂಜನದಲ್ಲಿ ಮುಗಿಯುತ್ತದೆ. ಅಂಥ ಎರವಲಿಗೆ ಕನ್ನಡ ಉಕಾರ ಹಚ್ಚುತ್ತದೆ: ಬಜಾರ್ ಬಜಾರು ಆಯಿತು, ರೂಮಾಲ್ ರುಮಾಲು ಆಯಿತು. ‘ಮೇಸ’ ಮುಗಿಯುವುದು ಅಕಾರದಲ್ಲಿ. ‘ಬಟಾಟ’ ನಮ್ಮಲ್ಲಿ ಬಟಾಟೆಯಾದಂತೆ ಅದು ‘ಮೇಜೆ’ ಅಥವಾ ‘ಮೇಸೆ’ ಆಗಬೇಕಿತ್ತು.

ಸಾಬೂನನ್ನೂ ಹೀಗೇ ಪರೀಕ್ಷಿಸಬಹುದು. ಪೋರ್ಚುಗೀಸಿನ ‘ಸಬಾಂವ್’ನಲ್ಲಿ ಕೊನೆಗಿರುವುದು ಬರೀ ಅನುನಾಸಿಕ ಸ್ವರ. ನಮ್ಮ ಪದದ ದೀರ್ಘ ಊಕಾರ, ಸ್ಪಷ್ಟ ನಕಾರ ಎರಡೂ ಅರಬ್ಬಿಯ ‘ಸಾಬೂನ್’ನಲ್ಲಿವೆ.

ಉತ್ತರ 3:
ಕೊನೆಯ ಸ್ವರದ ವಾದಕ್ಕೆ ಒಂದು ತೊಡಕಿದೆ: ಕೊಂಕಣಿ. ಪೋರ್ಚುಗೀಸಿನ ‘ಜನೇಲ’ ಅಲ್ಲಿ ‘ಜನೆಲ್’ ಆಗಿದೆ, ಅಕಾರ ಬಿದ್ದುಹೋಗಿದೆ. ‘ಮೇಸ’ ಕೊಂಕಣಿಯನ್ನು ಹಾದು ಬಂದಿದ್ದರೆ ‘ಮೇಜ್’ ಆಗಿ, ಕನ್ನಡದಲ್ಲಿ ‘ಮೇಜು’ ಎಂದೇ ನಿಲ್ಲುತ್ತಿತ್ತು. ಹಾಗಾಗಿ ಕರಾವಳಿಯ ಮಟ್ಟಿಗೆ ಧ್ವನಿನಿಯಮ ಯಾವ ಕಡೆಗೂ ತೀರ್ಪು ಕೊಡುವುದಿಲ್ಲ.

ಉಳಿಯುವುದು ಕಾಲ ಮತ್ತು ದಾರಿ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಕಲಬುರಗಿಯಲ್ಲಿ ಬಹಮನಿ ಆಸ್ಥಾನ 1347ರಲ್ಲೇ ಶುರುವಾಗಿ, ಪಾರಸಿ ಬಯಲುಸೀಮೆಗೆ ಬಂದಾಗಿತ್ತು. ಪಾರಸಿಯವರು ಪೋರ್ಚುಗೀಸರಿಂದ ಪಡೆದಿರಬಹುದೇ ಎಂಬ ಶಂಕೆಗೂ ಉತ್ತರವಿದೆ: ಆತಿಥೇಯ ಎಂಬರ್ಥದ ‘ಮೇಜ಼್‌ಬಾನ್’ ಅಲ್ಲಿ ಹಳೆಯ ಪದ, ಅದರ ‘ಮೇಜ಼್’ ಔತಣಕ್ಕೆ ಸಂಬಂಧಿಸಿದ್ದು. ಲ್ಯಾಟಿನ್ನಿನ ‘ಮೆನ್ಸ’ದಿಂದ ಹುಟ್ಟಿದ ‘ಮೇಸ’ಕ್ಕೂ ಅದಕ್ಕೂ ಹೋಲಿಕೆ ಆಕಸ್ಮಿಕ.

ನಿಘಂಟು ನೋಡುವಾಗ ಮೂಲಭಾಷೆಯ ಸಂಕೇತವೊಂದನ್ನೇ ಬರೆದುಕೊಳ್ಳಬೇಡಿ. ಮರಾಠಿ, ಉರ್ದು, ಕೊಂಕಣಿ ರೂಪಗಳನ್ನೂ, ಪದ ಮೊದಲು ಸಿಕ್ಕ ದಾಖಲೆಯ ಊರು ಮತ್ತು ಇಸವಿಯನ್ನೂ ಪಕ್ಕದಲ್ಲಿಡಿ. ಒಳನಾಡಿಗೆ ಪಾರಸಿ ಎಂದು ನಾನು ಧೈರ್ಯವಾಗಿ ಬರೆಯುತ್ತೇನೆ. ಕರಾವಳಿಗೆ ಎರಡು ಮೂಲಗಳನ್ನೂ ಕೊಡುವುದೇ ನ್ಯಾಯ.