ಹೆಗಲ ಮೇಲೆ ಜೀನು, ಕುದುರೆ ಎಲ್ಲಿ?

"ಹೆಗಲ ಮೇಲೆ ಜೀನು ಹೊತ್ತಿದ್ದಾನೆ. ಸರಿ. ಕುದುರೆ ಎಲ್ಲಿ?"

ಸಿನಿಮಾ ಇನ್ನೂ ಟೈಟಲ್ ಹಾಡಲ್ಲೇ ಇತ್ತು, ಆಗಲೇ ಸೀನನ ಮೊದಲ ತಕರಾರು ಬಂತು. ಪರದೆ ಮೇಲೆ ಹೀರೊ ಫ್ರಾಂಕೊ ನೀರೊ ಕೆಸರು ತುಳಿಯುತ್ತಾ, ಹಗ್ಗ ಕಟ್ಟಿದ ಶವಪೆಟ್ಟಿಗೆಯೊಂದನ್ನು ಎಳೆಯುತ್ತಾ ಹೋಗುತ್ತಿದ್ದ. ಮುಖ ಕಾಣಿಸುವುದಿಲ್ಲ, ಬೆನ್ನಷ್ಟೇ.

"ಕುದುರೆಗೆ ದುಡ್ಡು ಸಾಲಲಿಲ್ಲ, ಜೀನು ಮಾತ್ರ ಕೊಂಡರು" ಅಂದ ಪಾಪು. "ಕುದುರೆ ಎರಡನೇ ಕಂತಲ್ಲಿ ಬರುತ್ತೆ."

ನೋಡುತ್ತಿದ್ದದ್ದು ‘ಜಾಂಗೊ’. 1966ರದ್ದು, ನಿರ್ದೇಶಕ ಸೆರ್ಜಿಯೊ ಕೊರ್ಬುಚ್ಚಿ. ಕಥೆ ಅಮೆರಿಕ ಮತ್ತು ಮೆಕ್ಸಿಕೊ ಗಡಿಯದ್ದು. ಆದರೆ ಬೀದಿ ರೋಮ್‌ನ ಎಲಿಯೊಸ್ ಸ್ಟುಡಿಯೊದ್ದು, ಬಯಲು ಸ್ಪೇನಿನದ್ದು. ಇದನ್ನು ಹಾಕಿಸಿದ್ದು ಪಾಪು. 2012ರ ಟ್ಯಾರಂಟಿನೊ ಸಿನಿಮಾ ‘ಜಾಂಗೊ ಅನ್‌ಚೈನ್ಡ್’ ನೋಡಿ, ಹೆಸರಿನ ಮೂಲ ಹುಡುಕಿಕೊಂಡು ಬಂದವನು ಅವನು. ಗಿರಿಜಕ್ಕ ಬಂದದ್ದು ಮಂಡಕ್ಕಿಗೆ. ಮೇಷ್ಟ್ರು ಬಂದದ್ದು ನಮಗೆ ಪಾಠ ಮಾಡೋಕೆ. ಸೀನ ಇಂಜಿನಿಯರ್, ಹಾಗಾಗಿ ಕರೆಯದಿದ್ದರೂ ತಪ್ಪು ಹುಡುಕೋಕೆ ಬರುತ್ತಾನೆ.

ಊರು ಬಂತು. ಅದನ್ನು ಊರು ಅನ್ನುವುದು ಔದಾರ್ಯ. ಒಂದು ಬೀದಿ, ಒಂದು ಹೋಟೆಲು, ಅದರಲ್ಲಿ ನಾಲ್ಕೈದು ಹೆಂಗಸರು, ಉಳಿದದ್ದೆಲ್ಲ ಕೆಸರು.

"ಜನ ಎಲ್ಲಿ? ಅಂಗಡಿ ಇಲ್ಲ, ಮಕ್ಕಳಿಲ್ಲ, ಒಂದು ನಾಯಿಯೂ ಇಲ್ಲ" ಅಂದ ಸೀನ.

"ಎರಡು ಗ್ಯಾಂಗಿನ ನಡುವೆ ಸಿಕ್ಕಿದ ಊರು ಕಣೋ. ಆ ಕಡೆ ಮೇಜರ್ ಜಾಕ್ಸನ್, ಈ ಕಡೆ ಜನರಲ್ ಹ್ಯೂಗೊ. ಎಲ್ಲರೂ ಬಿಟ್ಟು ಓಡಿದ್ದಾರೆ" ಅಂದರು ಮೇಷ್ಟ್ರು.

"ನಿರ್ಮಾಪಕನಿಗೆ ಅನುಕೂಲವಾಗಿಯೇ ಓಡಿದ್ದಾರೆ."

ಈ ಕೆಸರಿನ ವಿಷಯದಲ್ಲಿ ಮಾತ್ರ ನಾನು ಮೇಷ್ಟ್ರ ಪಾರ್ಟಿ. ಅಮೆರಿಕದ ಹಳೇ ವೆಸ್ಟರ್ನ್‌ಗಳಲ್ಲಿ, ಅಂದರೆ ಕೌಬಾಯ್ ಸಿನಿಮಾಗಳಲ್ಲಿ, ಹೀರೊ ದಿನವಿಡೀ ಮರುಭೂಮಿಯಲ್ಲಿ ಕುದುರೆ ಓಡಿಸಿದರೂ ಅಂಗಿಯ ಇಸ್ತ್ರಿ ಮುರಿಯುವುದಿಲ್ಲ. ಇಲ್ಲಿ ಹೀರೊ, ವಿಲನ್ ಎಲ್ಲರೂ ಮಂಡಿವರೆಗೆ ಕೊಳೆ. ಚಳಿಗಾಲದಲ್ಲಿ ತೆಗೆದ ಸಿನಿಮಾ, ನೋಡಿದರೇ ನೆಗಡಿ ಬರುವ ಹಾಗಿದೆ. ಸೆಟ್ಟಿಗೆ ಕೋಟಿ ಸುರಿದಿದ್ದರೆ ಈ ದರಿದ್ರ ಕಳೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಜಾಕ್ಸನ್ ಕಡೆಯವರು ಬಂದರು. ಎಲ್ಲರ ತಲೆಗೂ ಕೆಂಪು ಮುಸುಕು. ಗಿರಿಜಕ್ಕ ಮಂಡಕ್ಕಿ ಅಗಿಯುವುದನ್ನೇ ನಿಲ್ಲಿಸಿದರು. "ಇದೇನು, ಎಲ್ಲರೂ ದಿಂಬಿನ ಕವರ್ ಹಾಕಿಕೊಂಡು ಬಂದಿದ್ದಾರೆ?"

"ಅದು ಕು ಕ್ಲಕ್ಸ್ ಕ್ಲಾನ್ ಥರ. ವರ್ಣದ್ವೇಷಿಗಳು ಅಂತ ತೋರಿಸೋಕೆ" ಅಂದ ಪಾಪು.

"ಇನ್ನೊಂದು ಕಥೆಯೂ ಇದೆ" ಅಂದರು ಮೇಷ್ಟ್ರು. ಅವರ ಹತ್ತಿರ ಯಾವಾಗಲೂ ಇನ್ನೊಂದು ಕಥೆ ಇರುತ್ತದೆ. "ಸಿಕ್ಕಿದ ಎಕ್ಸ್‌ಟ್ರಾ ನಟರ ಮುಖ ಕೊರ್ಬುಚ್ಚಿಗೆ ಹಿಡಿಸಲಿಲ್ಲವಂತೆ. ಮುಚ್ಚಿಬಿಡಿ ಅಂದನಂತೆ."

ಸೀನ ಮೊದಲ ಸಲ ತಲೆದೂಗಿದ. "ಇದು ಇಂಜಿನಿಯರಿಂಗ್."

ಮುಂದಿನದು ದೊಡ್ಡ ಜಗಳ. ಜಾಂಗೊ ಊರಿಗೆ ಬಂದದ್ದು ಸೇಡಿಗೆ. ಅವನಿಲ್ಲದಾಗ ಅವನ ಪ್ರೀತಿಯ ಹುಡುಗಿಯನ್ನು ಕೊಂದವನು ಇದೇ ಜಾಕ್ಸನ್. ಹೋಟೆಲಿನಲ್ಲಿ ಎದುರಿಗೇ ಸಿಗುತ್ತಾನೆ. ಜಾಂಗೊ ಅವನ ಜೊತೆಗಿದ್ದವರನ್ನೆಲ್ಲ ಉರುಳಿಸುತ್ತಾನೆ. ಜಾಕ್ಸನ್‌ನನ್ನು ಮಾತ್ರ ಬಿಟ್ಟು, ಹೋಗಿ ಉಳಿದವರನ್ನೂ ಕರೆದುಕೊಂಡು ಬಾ ಅಂತಾನೆ.

ಸೀನ ಕುರ್ಚಿಯಿಂದ ಎದ್ದೇಬಿಟ್ಟ. "ಯಾಕೆ? ಎದುರಿಗೇ ನಿಂತಿದ್ದಾನೆ! ಢಂ ಅನ್ನಿಸಿದರೆ ಕೆಲಸ ಮುಗೀತು. ನಾವೂ ಊಟಕ್ಕೆ ಏಳಬಹುದು."

"ಒಬ್ಬನನ್ನೇ ಕೊಲ್ಲೋಕೆ ಪಿಸ್ತೂಲು ಸಾಕು. ಅಷ್ಟು ದೂರದಿಂದ ಪೆಟ್ಟಿಗೆ ಎಳೆದು ತಂದಿದ್ದಾನಲ್ಲ, ಅದನ್ನು ಯಾವಾಗ ತೆಗೀಬೇಕು?" ಅಂದರು ಮೇಷ್ಟ್ರು.

ಪೆಟ್ಟಿಗೆ ತೆಗೆದ. ಒಳಗೆ ಮೆಷಿನ್ ಗನ್. ಬೀದಿ ತುಂಬ ದಿಂಬಿನ ಕವರುಗಳು ದಬದಬ ಬಿದ್ದವು. ಪಾಪು ಸಿಳ್ಳೆ ಹಾಕಿದ.

ಸೀನ ಆಗಲೇ ಫೋನ್ ತೆಗೆದಿದ್ದ. "ಅಮೆರಿಕದ ಸಿವಿಲ್ ವಾರ್ ಮುಗಿದದ್ದು 1865ರಲ್ಲಿ. ಇವನ ಮೈಮೇಲೆ ಇನ್ನೂ ಅದರ ಯೂನಿಫಾರ್ಮ್ ಇದೆ. ಬೆಲ್ಟಿನಿಂದ ತಾನಾಗಿ ಗುಂಡು ಎಳೆದುಕೊಳ್ಳುವ ಮ್ಯಾಕ್ಸಿಮ್ ಗನ್ ಬಂದದ್ದು 1884ರಲ್ಲಿ. ಅದಕ್ಕೂ ಮುಂಚಿನ ಗ್ಯಾಟ್ಲಿಂಗ್‌ಗೆ ಹಿಡಿಕೆ ತಿರುಗಿಸಬೇಕು. ಇವನು ಏನು ತಿರುಗಿಸಿದ? ಅದನ್ನು ಸೊಂಟದಲ್ಲಿ ಬೇರೆ ಹಿಡಿದಿದ್ದಾನೆ, ಮಗು ಎತ್ತಿಕೊಂಡ ಹಾಗೆ!"

"ನಮ್ಮ ಹೀರೊ ಒಂದು ಒದೆ ಕೊಟ್ಟರೆ ಸುಮೊ ಹಾರುತ್ತಲ್ಲ, ಆಗ ನಿನ್ನ ಫೋನ್ ಎಲ್ಲಿರುತ್ತೆ?" ಅಂದರು ಗಿರಿಜಕ್ಕ.

ಇಷ್ಟಾದರೂ ಜಾಕ್ಸನ್ ತಪ್ಪಿಸಿಕೊಂಡ. ಮೂತಿಗೆ ಕೆಸರು ಮೆತ್ತಿಕೊಂಡು ಓಡಿದ. ಸೀನ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿದ, ಅಷ್ಟೇ.

ಆಮೇಲೆ ಹ್ಯೂಗೊ ಬಂದು ಒಬ್ಬನ ಕಿವಿ ಕತ್ತರಿಸಿ ಅವನಿಗೇ ತಿನ್ನಿಸುತ್ತಾನೆ. ಗಿರಿಜಕ್ಕ ಮಂಡಕ್ಕಿ ತಟ್ಟೆ ಪಕ್ಕಕ್ಕೆ ತಳ್ಳಿದರು. ಬ್ರಿಟನ್ನಿನ ಸೆನ್ಸಾರಿನವರು ಈ ಸಿನಿಮಾಗೆ 1993ರವರೆಗೂ ಸರ್ಟಿಫಿಕೇಟ್ ಕೊಡಲಿಲ್ಲ ಅಂತ ಮೇಷ್ಟ್ರು ಹೇಳಿದರು. ಪಾಪುಗೆ ನಿರಾಸೆ. "ಇಷ್ಟಕ್ಕಾ? ಈಗಿನ ವೆಬ್ ಸೀರೀಸಲ್ಲಿ ಇದು ತಿಂಡಿ ಹೊತ್ತಿನ ಸೀನು."

"ತುಟಿ ಒಂದು ಕಡೆ, ಮಾತು ಒಂದು ಕಡೆ. ಅದಕ್ಕೂ ನಿಷೇಧ ಹಾಕಬೇಕಿತ್ತು" ಅಂದ ಸೀನ.

ಮೇಷ್ಟ್ರಿಗೆ ಬೇಕಾಗಿದ್ದದ್ದು ಇದೇ ಪ್ರಶ್ನೆ. ಆಗಿನ ಇಟಲಿಯಲ್ಲಿ ಮಾತನ್ನೆಲ್ಲ ಆಮೇಲೆ ಸ್ಟುಡಿಯೊದಲ್ಲಿ ಸೇರಿಸುತ್ತಿದ್ದರು. ಸೆಟ್ಟಿನಲ್ಲಿ ಯಾವ ದೇಶದ ನಟ ಯಾವ ಭಾಷೆ ಆಡಿದರೂ ನಡೆಯುತ್ತಿತ್ತು. ಇಟಾಲಿಯನ್ ಪ್ರಿಂಟಿನಲ್ಲೂ ಜಾಂಗೊನ ಧ್ವನಿ ನೀರೊನದ್ದಲ್ಲ, ನಾಂಡೊ ಗಝೋಲೊ ಎಂಬ ನಟನದ್ದು. ನೀರೊಗೆ ಆಗ ಬರೀ 24 ವರ್ಷ, ಮೇಕಪ್ ಹಾಕಿ ಮುಖಕ್ಕೆ ವಯಸ್ಸು ತಂದಿದ್ದಾರೆ.

"ಧ್ವನಿ ಸಾಲ, ಸುಕ್ಕು ಸಾಲ. ಸ್ವಂತದ್ದು ಅಂತ ಏನಿದೆ ಇವನ ಹತ್ತಿರ?"

"ಕಣ್ಣು" ಅಂದರು ಗಿರಿಜಕ್ಕ ತಟ್ಟನೆ. ಯಾರೂ ಎದುರು ಮಾತಾಡಲಿಲ್ಲ. ಆ ನೀಲಿ ಕಣ್ಣಿಗೆ ಎದುರು ಮಾತಿಲ್ಲ.

ಕಥೆಯೂ ಸಾಲವೇ ಅಂತ ನನಗೆ ಅನ್ನಿಸಿತು. ಎರಡು ಗ್ಯಾಂಗು, ನಡುವೆ ಎಲ್ಲಿಂದಲೋ ಬಂದ ಒಬ್ಬ. ಎರಡು ವರ್ಷ ಮುಂಚೆ ಇಟಲಿಯದೇ ಇನ್ನೊಬ್ಬ ನಿರ್ದೇಶಕ ಸೆರ್ಜಿಯೊ ಲಿಯೋನೆ, ಜಪಾನಿನ ನಿರ್ದೇಶಕ ಕುರೊಸಾವಾನ ಸಮುರಾಯ್ ಕಥೆಯನ್ನು ಕೇಳದೇ ಎತ್ತಿಕೊಂಡು, ಸುಮಾರು 2 ಲಕ್ಷ ಡಾಲರಿನಲ್ಲಿ ವೆಸ್ಟರ್ನ್ ಮಾಡಿದ್ದ. ಜಪಾನಿನವರು ಬಿಡಲಿಲ್ಲ. ಗಳಿಕೆಯಲ್ಲಿ ಶೇಕಡಾ 15 ವಸೂಲು ಮಾಡಿದರು. ಕೊರ್ಬುಚ್ಚಿ ಅದೇ ದಾರಿ ಹಿಡಿದು, ಮೇಲೊಂದು ಶವಪೆಟ್ಟಿಗೆ ಇಟ್ಟ.

ನಡುವಿನ ಭಾಗ ಯಾರಿಗೂ ಅಷ್ಟು ಹಿಡಿಸಲಿಲ್ಲ. ಚಿನ್ನ ದೋಚುವುದು, ಪಾಲಿಗೆ ಕಾದಾಡುವುದು, ಕದ್ದು ಓಡುವುದು. ಗಿರಿಜಕ್ಕ ಕಾದು ನೋಡಿ ಕೊನೆಗೆ ಕೇಳಿದರು. "ಸೇಡಿಗೆ ಬಂದವನು ತಾನೇ ಇವನು? ಚಿನ್ನ ಕಂಡಿದ್ದೇ ಸತ್ತವಳು ಮರೆತುಹೋದಳಾ? ಇವನನ್ನೇ ನಂಬಿ ಜೊತೆಗಿರೋ ಹುಡುಗಿ ಮರಿಯಾ ಬದುಕಿದ್ದಾಳೆ, ಬಾ ಹೋಗೋಣ ಅಂತಿದ್ದಾಳೆ, ಇವನ ಕಣ್ಣು ಪೆಟ್ಟಿಗೆ ಮೇಲೆ."

"ಅವನು ಒಳ್ಳೆಯವನು ಅಂತ ಯಾರು ಹೇಳಿದರು?" ಅಂದರು ಮೇಷ್ಟ್ರು.

"ಹಾಡಲ್ಲಿ ಅಷ್ಟು ಸಲ ಹೆಸರು ಕೂಗಿದರಲ್ಲ! ನಾನು ಒಳ್ಳೆಯವನೇ ಅಂದುಕೊಂಡೆ."

ಚಿನ್ನ ತುಂಬಿದ ಪೆಟ್ಟಿಗೆ ಹೂಳಿನಲ್ಲಿ ಮುಳುಗಿತು. ಜಾಂಗೊ ಸಿಕ್ಕಿಬಿದ್ದ. ಹ್ಯೂಗೊ ಕಡೆಯವರು ಅವನ ಎರಡೂ ಕೈ ಜಜ್ಜಿಹಾಕಿದರು. ಇಲ್ಲಿಂದ ಸಿನಿಮಾ ಮತ್ತೆ ಎದ್ದು ಕೂರುತ್ತದೆ. ಪಿಸ್ತೂಲೇ ಬದುಕಾಗಿದ್ದವನಿಗೆ ಈಗ ಬೆರಳಿಲ್ಲ. ಸ್ಮಶಾನದಲ್ಲಿ ಹುಡುಗಿಯ ಗೋರಿ ಹಿಂದೆ ಕೂತು, ಟ್ರಿಗರ್ ಕಾಯುವ ಕಬ್ಬಿಣದ ಬಳೆಯನ್ನು ಹಲ್ಲಲ್ಲಿ ಕಿತ್ತು, ಗನ್ನನ್ನು ಶಿಲುಬೆಗೆ ಆನಿಸಿ, ಜಾಕ್ಸನ್‌ಗೆ ಕಾಯುತ್ತಾನೆ.

"ಈ ಕೆಲಸ ಹೋಟೆಲಿನಲ್ಲೇ ಮುಗಿದಿದ್ದರೆ ಕೈ ಉಳೀತಿತ್ತು" ಅಂದ ಸೀನ. ಈ ಸಲ ಅವನ ಮಾತಲ್ಲಿ ಸಿಟ್ಟಿರಲಿಲ್ಲ, ಮರುಕ ಇತ್ತು.

"ಕೈ ಕಳೆದುಕೊಂಡವನ ಸೇಡು ನಮಗೇನು ಹೊಸದಾ?" ಅಂದರು ಮೇಷ್ಟ್ರು. "ರಾಮನಗರದ ಬಂಡೆಗಳನ್ನು ಕೇಳು. 1973ರಲ್ಲಿ ರಮೇಶ್ ಸಿಪ್ಪಿ ಅಲ್ಲಿ ‘ಶೋಲೆ’ ಶುರು ಮಾಡಿದಾಗ ಇಟಲಿಯ ಈ ವೆಸ್ಟರ್ನ್‌ಗಳ ಗಾಳಿ ಜೋರಾಗಿ ಬೀಸ್ತಾ ಇತ್ತು."

"ಅಲ್ಲಿ ಠಾಕೂರ್ ಬುದ್ಧಿವಂತ" ಅಂದ ಪಾಪು. "ಸಂಬಳ ಕೊಟ್ಟು ಇಬ್ಬರನ್ನು ಇಟ್ಟುಕೊಂಡ. ಇವನು ಒಬ್ಬನೇ ಒದ್ದಾಡಿದ. ಲೋ ಬಜೆಟ್ ಅಂದರೆ ಇದೇ."

ಮುಗಿದ ಮೇಲೆ ಹತ್ತಕ್ಕೆ ಎಷ್ಟು ಅಂತ ಕೇಳಿದೆ. ಪಾಪು ಎಂಟು ಕೊಟ್ಟ. ಮೇಷ್ಟ್ರು ಒಂಬತ್ತು. ಗಿರಿಜಕ್ಕ ಮರಿಯಾಗೂ ಒಂದು ಗನ್ ಕೊಟ್ಟಿದ್ದರೆ ಏಳು, ಈಗ ಐದು ಅಂದರು. ಸೀನ ಮೂರು ಕೊಟ್ಟ, ಅದರಲ್ಲಿ ಎರಡು ಮುಸುಕಿನ ಐಡಿಯಾಗೆ. ನಾನು ಆರೂವರೆ. ನಡುವಿನ ಚಿನ್ನ ತೆಗೆದರೆ ಎಂಟೂವರೆ.

"ಇದೇ ಹೆಸರಲ್ಲಿ ಆಮೇಲೆ ಡಜನ್‌ಗಟ್ಟಲೆ ಬಂದವು, ಸಂಬಂಧ ಇಲ್ಲದವು" ಅಂದರು ಮೇಷ್ಟ್ರು. "ನೀರೊ ಮತ್ತೆ ಜಾಂಗೊ ಆಗಿದ್ದು 1987ರಲ್ಲಿ. ಅದರಲ್ಲಿ ಅವನು ಮಠ ಸೇರಿ ಸನ್ಯಾಸಿ ಆಗಿರುತ್ತಾನೆ."

ಸೀನ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದವನು ನಿಂತ. "ಕೈ?"

"ಏನು ಕೈ?"

"ಜಜ್ಜಿದ್ದರಲ್ಲ. ಸರಿ ಹೋಗಿದೆಯಾ?"

"ಮತ್ತೆ ಮೆಷಿನ್ ಗನ್ ಹಿಡೀತಾನೆ ಅಂದ ಮೇಲೆ ಸರಿ ಹೋಗಿರಲೇಬೇಕು."

"ಹೇಗೆ ಹೋಗುತ್ತೆ? ಅಷ್ಟೂ ಮೂಳೆ ಪುಡಿಯಾಗಿತ್ತು!" ಸೀನ ಚಪ್ಪಲಿ ಬಿಟ್ಟು ವಾಪಸ್ ಬಂದು ಕೂತ. "ಹಾಕು ನೋಡೋಣ."