ಚಿಕ್ಕಪ್ಪನ ಶೆಡ್‌ನಲ್ಲಿ ಸಿಕ್ಕ ಜಾಗ್ವಾರ್ ಬ್ಲಾಕ್: ಯಾವ ಗಾಡಿಯದು, ಎಷ್ಟು ಬೆಲೆ ಬಾಳುತ್ತೆ?

ಹಳೇಗಾಲಿ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ಮೆಕ್ಯಾನಿಕ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಶೆಡ್ ಖಾಲಿ ಮಾಡುವಾಗ ಗೋಣಿಚೀಲದ ಕೆಳಗೆ ಆರು ಸಿಲಿಂಡರಿನ ಎಂಜಿನ್ ಬ್ಲಾಕ್ ಸಿಕ್ಕಿತು. ಪೂರ್ತಿ ಬೀಡು ಕಬ್ಬಿಣ. ಇಬ್ಬರು ಹಿಡಿದರೂ ಅಲ್ಲಾಡಲಿಲ್ಲ. ಹೆಡ್ ಇಲ್ಲ, ಕ್ರ್ಯಾಂಕ್ ಇಲ್ಲ, ಪಿಸ್ಟನ್ ಇಲ್ಲ. ಜಾಗ್ವಾರ್ ಎಕ್ಸ್‌ಕೆ ಎಂಜಿನ್‌ದು ಅಂತ ಅವರು ಹೇಳುತ್ತಿದ್ದರು. "ಇ-ಟೈಪ್‌ದು ಕಣೋ, ಮುಟ್ಟಬೇಡ" ಅನ್ನುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಇ-ಟೈಪ್ ಅಂದರೆ ಜಾಗ್ವಾರಿನ ಹೆಸರಾಂತ ಸ್ಪೋರ್ಟ್ಸ್ ಕಾರು.

ಬೋರ್ (ಸಿಲಿಂಡರಿನ ತೂತು) ಬಾಯಿಗೆ ವರ್ನಿಯರ್ ಇಟ್ಟು ನೋಡಿದೆ, 87.5 ಮಿ.ಮೀ. ಬಂತು. ಪಕ್ಕದಲ್ಲಿ ಎರಕದಲ್ಲೇ ಉಬ್ಬಿಕೊಂಡ ಅಂಕಿಗಳಿವೆ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ, ಕೊಡೋಕೆ ಮನಸ್ಸಿಲ್ಲ. ಸ್ಯಾಂಡ್ ಬ್ಲಾಸ್ಟ್ ಮಾಡಿಸಿ ಬಣ್ಣ ಹೊಡೆಸಿದರೆ ಒಳ್ಳೆ ಬೆಲೆ ಬರುತ್ತಾ?

ಲೇತ್‌ಮನೆ

ಮೊದಲು ಆ ಸ್ಯಾಂಡ್ ಬ್ಲಾಸ್ಟ್ ಯೋಚನೆ ಬಿಟ್ಟುಬಿಡಿ. ಮರಳು ಆಯಿಲ್ ದಾರಿಯೊಳಗೆ ಹೊಕ್ಕರೆ ಪೂರ್ತಿ ತೆಗೆಯೋದು ತುಂಬ ಕಷ್ಟ. ಮುಂದೆ ಬೇರಿಂಗ್ ತಿಂದುಹಾಕುತ್ತೆ. ಅದಕ್ಕಿಂತ ಹೆಚ್ಚಾಗಿ, ಪಂಚ್ ಹೊಡೆದ ಎಂಜಿನ್ ನಂಬರ್ ಮಸುಕಾಗುತ್ತೆ.

ನೀವು ನೋಡಿದ ಉಬ್ಬು ಅಂಕಿ ಎರಕದ ನಂಬರ್. ಆ ನಮೂನೆಯ ಬ್ಲಾಕಿಗೆಲ್ಲ ಅದು ಒಂದೇ. ಎಂಜಿನ್ ನಂಬರ್ ಬೇರೆ. ಅದು ಬಲಗಡೆ, ಆಯಿಲ್ ಫಿಲ್ಟರ್ ಕೂರುವ ಜಾಗದ ಮೇಲಿರುತ್ತೆ. ಬಲಗಡೆ ಅಂದರೆ ಸೀಟಲ್ಲಿ ಕೂತು ಮುಂದೆ ನೋಡಿದಾಗಿನ ಬಲಗಡೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ರಾತ್ರಿಯಿಡೀ ಅಲ್ಲಿ ಒತ್ತಿಡಿ. ಬೆಳಿಗ್ಗೆ ಹಲ್ಲುಜ್ಜುವ ಹಳೇ ಬ್ರಷ್ ಸಾಕು, ತಂತಿ ಬ್ರಷ್ ಮುಟ್ಟಿಸಲೇಬೇಡಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಂಕಿಯೂ ನೆರಳಿನಲ್ಲಿ ಕಾಣುತ್ತೆ.

ಇನ್ನು ಅಳತೆ. 1948ರಲ್ಲಿ ಎಕ್ಸ್‌ಕೆ120 ಕಾರಿನ ಜೊತೆ ಬಂದ 3.4 ಲೀಟರಿನ ಬೋರ್ 83 ಮಿ.ಮೀ. 3.8ರದ್ದು 87, 4.2ರದ್ದು 92.07. ಮೂರಕ್ಕೂ ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 106. ಹಾಗಾಗಿ ನಿಮ್ಮದು 3.8. ಬೋರ್ ಬಾಯಿಯ ಸುತ್ತ ಕೂದಲೆಳೆಯಷ್ಟು ಸಣ್ಣ ಉಂಗುರದ ಗೆರೆ ಇದೆಯಾ ನೋಡಿ. 3.8ಕ್ಕೆ ಕಾರ್ಖಾನೆಯಲ್ಲೇ ಡ್ರೈ ಲೈನರ್ (ನೀರು ತಾಗದ ತೆಳು ಒಳಕೊಳವೆ) ಕೂರಿಸುತ್ತಿದ್ದರು, ಅದರ ಅಂಚು ಅದು. ಬಾಯಿಯ ತುದಿಗೆ ಪಿಸ್ಟನ್ ರಿಂಗ್ ತಾಗಲ್ಲ, ಸವೆತವೂ ಇರಲ್ಲ. ಅಲ್ಲೇ 87.5 ಬಂದಿದೆ ಅಂದರೆ ಹಿಂದೆ ಯಾರೋ 20 ಥೌ (ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ಒಂದು ಥೌ) ದೊಡ್ಡದಾಗಿ ಬೋರ್ ಮಾಡಿಸಿದ್ದಾರೆ. ಇನ್ನೊಂದು ಸಲ, 30 ಥೌವರೆಗೆ ಹೋಗಬಹುದು. ಅದರಾಚೆ ಲೈನರ್ ಬದಲಾಯಿಸಬೇಕು. ಒಳಗಿನ ಸವೆತ ತಿಳಿಯೋಕೆ ವರ್ನಿಯರ್ ಸಾಲದು, ಬೋರ್ ಗೇಜ್ ಬೇಕು.

ಆದರೆ 3.8 ಅಂದ ಮಾತ್ರಕ್ಕೆ ಇ-ಟೈಪ್ ಅಲ್ಲ. ಮಾರ್ಕ್ 2, ಮಾರ್ಕ್ 10, ಕೊನೆಕೊನೆಯ ಎಕ್ಸ್‌ಕೆ150, ಹೀಗೆ ಜಾಗ್ವಾರಿನ ಬೇರೆ ಗಾಡಿಗಳಲ್ಲೂ 3.8 ಇತ್ತು. 1961ರಿಂದ 64ರವರೆಗಿನ ಇ-ಟೈಪ್ ನಂಬರ್ ಆರ್ ಅಕ್ಷರದಿಂದ ಶುರುವಾಗುತ್ತೆ. ಎಕ್ಸ್‌ಕೆ150 ಆದರೆ ವಿಎ. ಮಾರ್ಕ್ 2 ಆದರೆ ಎಲ್‌ಎ, ಎಲ್‌ಬಿ, ಎಲ್‌ಸಿ. ಕೊನೆಯಲ್ಲಿ ಗೀಟು ಹಾಕಿ 8 ಅಥವಾ 9 ಅಂತಿದ್ದರೆ ಅದು ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನೊಳಗಿನ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತೆ ಅನ್ನೋದು.

ಆರುಸಿಲಿಂಡರ್

ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್‌ಗಳು ಇವೆಯಾ? ಏಳು ಇರಬೇಕು. ಬ್ಲಾಕಿಗೆ ಬಿಗಿದೇ ಲೈನ್ ಬೋರ್ ಮಾಡಿರುತ್ತಾರೆ (ಏಳನ್ನೂ ಒಂದೇ ಸಾಲಿನಲ್ಲಿ ಕೊರೆಯೋದು), ಬೇರೆ ಬ್ಲಾಕಿನದ್ದು ಹೊಂದಲ್ಲ. ಅವು ಇಲ್ಲದಿದ್ದರೆ ಕೊಳ್ಳುವವರು ಅರ್ಧಕ್ಕೇ ಕೇಳುತ್ತಾರೆ. ಶೆಡ್ ಖಾಲಿ ಮಾಡುವಾಗ ಎಸೆದುಬಿಟ್ಟಿಲ್ಲ ಅಲ್ವಾ?

ಹಳೇಗಾಲಿ

ನಂಬರ್ ಸಿಕ್ಕಿತು ಸರ್. ಎಲ್‌ಸಿ, ಆಮೇಲೆ ನಾಲ್ಕು ಅಂಕಿ, ಗೀಟು, 8. ಲೈನರಿನ ಗೆರೆಯೂ ಇದೆ. ಅಂದರೆ ಮಾರ್ಕ್ 2. ಚಿಕ್ಕಪ್ಪ ಅಷ್ಟು ವರ್ಷ ಇ-ಟೈಪ್ ಅಂತಲೇ ನಂಬಿದ್ದರು, ಓದಿದಾಗ ಮನಸ್ಸಿಗೆ ಪಿಚ್ಚೆನಿಸಿತು. ಫೋಟೋ ನೋಡಿದ ಪರಿಚಯದವರೊಬ್ಬರು, "ಆ ನಂಬರ್ ಉಜ್ಜಿಸಿ ಆರ್ ಹೊಡೆಸು, ಬೆಲೆ ಎಷ್ಟೋ ಪಟ್ಟು ಆಗುತ್ತೆ" ಅಂದರು. ಹಾಗೆ ಮಾಡುತ್ತಾರಾ? ಕ್ಯಾಪ್ ಹುಡುಕುತ್ತಿದ್ದೇನೆ.

ಲೇತ್‌ಮನೆ

ಮಾಡುವವರಿದ್ದಾರೆ. ನೀವು ಮಾಡಬೇಡಿ. ಅದು ಮೋಸ, ಸಿಕ್ಕಿಬೀಳೋದೂ ಸುಲಭ. ಸುತ್ತ ಎರಕದ ಒರಟು ಮೈ, ನಂಬರ್ ಜಾಗದಲ್ಲಿ ಮಾತ್ರ ಗ್ರೈಂಡರ್ ಗೀರು, ಅಂಕಿಯ ಆಕಾರ ಬೇರೆ. ಸಾಲದ್ದಕ್ಕೆ ಯಾವ ಗಾಡಿ ಯಾವ ಎಂಜಿನ್ ನಂಬರ್ ಹೊತ್ತು ಹೊರಬಿತ್ತು ಅನ್ನೋ ದಾಖಲೆ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಹತ್ತಿರ ಇದೆ. ಗಾಡಿಯ ಮಾಲೀಕರು ಅಲ್ಲಿಂದ ಸರ್ಟಿಫಿಕೇಟ್ ತರಿಸಿಕೊಳ್ಳುತ್ತಾರೆ.

ಇದನ್ನೇ ನಿಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಿ. ಎಲ್ಲೋ ಒಂದು ಮಾರ್ಕ್ 2 ತನ್ನ ಎಂಜಿನ್ ಕಳೆದುಕೊಂಡು ಬೇರೆ ಎಂಜಿನ್ ಹಾಕಿಕೊಂಡು ಓಡುತ್ತಿರಬಹುದು. ಅದರ ಸರ್ಟಿಫಿಕೇಟಿನಲ್ಲಿ ನಿಮ್ಮ ನಂಬರ್ ಇದ್ದರೆ, ಈ ಬ್ಲಾಕಿಗೆ ಆ ಮಾಲೀಕರಷ್ಟು ಬೆಲೆ ಬೇರೆ ಯಾರೂ ಕೊಡಲ್ಲ. ಮಾರ್ಕ್ 2 ಕ್ಲಬ್‌ಗಳಲ್ಲಿ ಪೂರ್ತಿ ನಂಬರ್ ಹಾಕಿ ವಿಚಾರಿಸಿ. ಆ ಗಾಡಿ ಸಿಗದಿದ್ದರೆ ಇದು ಸುಮ್ನೆ ಒಂದು ಒಳ್ಳೆ 3.8 ಬ್ಲಾಕ್, ಅದಕ್ಕೂ ಗಿರಾಕಿ ಇದ್ದಾರೆ. ಆಗ ಬೆಲೆ ನಿಲ್ಲೋದು ಬಿರುಕಿನ ಮೇಲೆ. ನೀರಿನ ದಾರಿಗೆ ಪ್ರೆಷರ್ ಟೆಸ್ಟ್, ಮೈಗೆ ಮ್ಯಾಗ್ನೆಟಿಕ್ ಟೆಸ್ಟ್ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ಕೋರ್ ಪ್ಲಗ್ (ನೀರಿನ ದಾರಿಯ ಬಿಲ್ಲೆ ಮುಚ್ಚಳ) ತೆಗೆಸಿ, ಹಿಂದಿನ ಸಿಲಿಂಡರುಗಳ ಸುತ್ತ ಕೂತ ತುಕ್ಕಿನ ಕೆಸರನ್ನು ಕೆರೆದು ತೆಗೆಯಿರಿ. ಎಷ್ಟೋ ಸಲ ಬಿರುಕು ಕಾಣೋದು ಅದು ಹೋದ ಮೇಲೆಯೇ.

ಹಳೇಗಾಲಿ

ಕ್ಯಾಪ್ ಸಿಕ್ಕಿದವು! ಹಳೇ ಗ್ರೀಸ್ ಡಬ್ಬಿಯೊಂದರ ತಳದಲ್ಲಿದ್ದವು. ಒಂದೊಂದನ್ನೂ ಎಣ್ಣೆ ಕಾಗದದಲ್ಲಿ ಸುತ್ತಿ ದಾರ ಕಟ್ಟಿದ್ದರು. ಬ್ಲಾಕ್ ಮಗುಚಿ ಒಂದೊಂದಾಗಿ ಅದರ ಜಾಗದಲ್ಲಿಟ್ಟು ನೋಡಿದೆ. ಕ್ಯಾಪ್ ಮೇಲಿನ ಅಂಕಿಗೂ ಬ್ಲಾಕಿನ ತಳದ ಅಂಕಿಗೂ 1ರಿಂದ 7ರವರೆಗೆ ಸರಿಯಾಗಿ ತಾಳೆಯಾಯಿತು. ಸೋಮವಾರ ಪ್ರೆಷರ್ ಟೆಸ್ಟಿಗೆ ಕಳಿಸುತ್ತೇನೆ. ಎಲ್‌ಸಿ ನಂಬರ್ ಹಾಗೇ ಇರುತ್ತೆ ಸರ್.