ಒತ್ತಕ್ಷರ ಬೀಳದ ಕೀಬೋರ್ಡ್: 18,500 ಕೊಟ್ಟು ರಿಪೇರಿ ಮಾಡಿಸಲಾ?

ಕೇಳಿದವರು, ಧಾರವಾಡ

ನಮಸ್ಕಾರ. ನಾನು ಮನೆಯಲ್ಲೇ ಕನ್ನಡ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಸಂಘದ ವರದಿ, ವರ್ಷಕ್ಕೊಂದೆರಡು ಪುಸ್ತಕ. ಲ್ಯಾಪ್‌ಟಾಪ್ ತೆಳುವಾದದ್ದು, ದೊಡ್ಡ ಕಂಪನಿಯದೇ, ಹೆಸರು ಬೇಡ. ತಗೊಂಡು ಎರಡು ವರ್ಷ ನಾಲ್ಕು ತಿಂಗಳಾಯಿತು. ವಾರಂಟಿ ಒಂದೇ ವರ್ಷದ್ದು, ಯಾವಾಗಲೋ ಮುಗಿದಿದೆ.

ಎರಡು ತಿಂಗಳಿಂದ ಎಫ್ ಕೀ ಒಮ್ಮೆ ಬೀಳುತ್ತದೆ, ಒಮ್ಮೆ ಬೀಳುವುದಿಲ್ಲ. ಕಗಪ ವಿನ್ಯಾಸದಲ್ಲಿ ಟೈಪ್ ಮಾಡುವವರಿಗೆ ಇದರ ಕಷ್ಟ ಗೊತ್ತು. ಒತ್ತಕ್ಷರಕ್ಕೆ ಅದೇ ಕೀ ಬೇಕು. ಅದು ಕೈಕೊಟ್ಟರೆ ಅಮ್ಮ ಹೋಗಿ ಅಮಮ ಆಗುತ್ತದೆ. ಮೊನ್ನೆ ಒಂದು ಲಗ್ನಪತ್ರಿಕೆಯ ಪ್ರೂಫ್‌ನಲ್ಲಿ ಚಿಕ್ಕಪ್ಪ ಚಿಕಕಪಪ ಆಗಿದ್ದರು. ಹುಡುಗಿಯ ಕಡೆಯವರು ನಕ್ಕರು, ನನಗೆ ನಗು ಬರಲಿಲ್ಲ. ಸ್ಪೇಸ್‌ಬಾರ್ ಬೇರೆ ಎರಡೆರಡು ಸಲ ಬೀಳುತ್ತದೆ. ಟಚ್‌ಪ್ಯಾಡ್ ಕೂಡ ಯಾಕೋ ಗಟ್ಟಿಯಾಗಿದೆ. ಅದಿರಲಿ, ನಾನು ಮೌಸ್ ಬಳಸುವವಳು.

ಸರ್ವಿಸ್ ಸೆಂಟರ್‌ನಲ್ಲಿ ಕೀಬೋರ್ಡ್ ಒಂದನ್ನೇ ಬದಲಿಸಲು ಬರುವುದಿಲ್ಲ, ಮೇಲಿನ ಪ್ಯಾನೆಲ್ ಪೂರ್ತಿ ಬದಲಿಸಬೇಕು, 18,500 ಆಗುತ್ತದೆ ಎಂದರು. ನನ್ನ ಮೈದುನ, "ವೈನಿ, 30 ಸಾವಿರಕ್ಕೆ 2018ರ ಮ್ಯಾಕ್‌ಬುಕ್ ಪ್ರೋ ಸಿಗುತ್ತದೆ, ಅದನ್ನೇ ತಗೊಂಡುಬಿಡ್ರಿ" ಅನ್ನುತ್ತಾನೆ. ಏನು ಮಾಡಲಿ? ಅನುಭವ ಇದ್ದವರು ಹೇಳಿ.

ದಾವಣಗೆರೆಯಿಂದ

ಅಕ್ಕ, ದುಡ್ಡು ಬಿಚ್ಚುವ ಮೊದಲು ಒಂದು ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ ನೋಡಿ. ಅದರಲ್ಲೂ ಒತ್ತಕ್ಷರ ಬೀಳದಿದ್ದರೆ ತಪ್ಪು ಸಾಫ್ಟ್‌ವೇರ್‌ನದ್ದು. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಎಂಬುದು ಚಾಲೂ ಆಗುತ್ತದೆ. ಆಮೇಲೆ ಬೇಗ ಬೇಗ ಒತ್ತಿದ್ದನ್ನು ಕಂಪ್ಯೂಟರ್ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನಮ್ಮ ಆಫೀಸಿನಲ್ಲಿ ಒಬ್ಬರು ಇದೇ ಕಾರಣಕ್ಕೆ ಹೊಸ ಕೀಬೋರ್ಡ್ ತರಿಸಿದ್ದರು. ಸೆಟ್ಟಿಂಗ್ ತೆಗೆದ ಮೇಲೆ ಹಳೆಯದೂ ಚೆನ್ನಾಗೇ ಇತ್ತು, ಹೊಸದೂ ಚೆನ್ನಾಗೇ ಇತ್ತು!

ಬೆಂಗಳೂರಿನಿಂದ, ರಿಪೇರಿ ಕೆಲಸದವರು

ಸರ್ವಿಸ್ ಸೆಂಟರ್‌ನವರು ಹೇಳಿದ್ದು ಸುಳ್ಳಲ್ಲ ಮೇಡಂ. ಪೂರ್ತಿ ನಿಜವೂ ಅಲ್ಲ.

ಹಳೆಯ ದಪ್ಪ ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡ್ ಬೇರೆಯಾಗಿಯೇ ಬರುತ್ತಿತ್ತು. ನಾಲ್ಕು ಸ್ಕ್ರೂ ಬಿಚ್ಚಿ, ರಿಬ್ಬನ್ ಕೇಬಲ್ ಕಿತ್ತು, ಹೊಸದು ಕೂರಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಈಗಿನ ತೆಳು ಮಾಡೆಲ್‌ಗಳಲ್ಲಿ ಕೀಬೋರ್ಡನ್ನು ಮೇಲಿನ ಪ್ಯಾನೆಲ್‌ಗೇ ಕೂಡಿಸಿರುತ್ತಾರೆ. ಸಣ್ಣ ಸಣ್ಣ ಪ್ಲಾಸ್ಟಿಕ್ ಮೊಳೆಗಳನ್ನು ಕಾಯಿಸಿ ಕರಗಿಸಿ ಒತ್ತಿರುತ್ತಾರೆ. ಕಂಪನಿಯವರು ಅದನ್ನು ಕೀಳುವ ಗೋಜಿಗೆ ಹೋಗುವುದಿಲ್ಲ, ಪ್ಯಾನೆಲ್ಲನ್ನೇ ಎಸೆದು ಹೊಸದು ಹಾಕುತ್ತಾರೆ. ನಾವು ಆ ಮೊಳೆಗಳನ್ನು ಒಂದೊಂದಾಗಿ ಕತ್ತರಿಸಿ, ಕೀಬೋರ್ಡ್ ಮಾತ್ರ ಬದಲಿಸಿ, ಮತ್ತೆ ಕಾಯಿಸಿ ಕೂರಿಸುತ್ತೇವೆ. ಅರ್ಧ ದಿನ ಬೇಕು. ಕಳೆದ ತಿಂಗಳು ಇಂಥದ್ದೇ ಒಂದಕ್ಕೆ 3,800 ತಗೊಂಡೆ. ಕೆಲಸ ಒರಟಾದರೆ ಮಧ್ಯದ ಕೀಗಳು ಕುಣಿಯುತ್ತವೆ, ಅದನ್ನೂ ಹೇಳಿಬಿಡಬೇಕು. ಹಾಗಾಗಿ ಮಾಡುವವರು ಮೊದಲು ಮಾಡಿದ ಒಂದು ಲ್ಯಾಪ್‌ಟಾಪ್ ತೋರಿಸಿ ಅಂತ ಕೇಳಿ. ಕೀಬೋರ್ಡ್ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಮಾಡೆಲ್ ನಂಬರ್ ಸಾಲದು, ಹಳೆಯದರ ಹಿಂದೆ ಇರುವ ಪಾರ್ಟ್ ನಂಬರ್ ಬೇಕು.

ಚಹಾ ಗಿಹಾ ಚೆಲ್ಲಿತ್ತಾ? ಒಳಗೆ ಎರಡು ಪ್ಲಾಸ್ಟಿಕ್ ಹಾಳೆಗಳಿರುತ್ತವೆ, ಅವುಗಳ ಮೇಲೆ ವಿದ್ಯುತ್ ಹರಿಯುವ ಗೆರೆಗಳು. ಸಕ್ಕರೆ ನೀರು ನಡುವೆ ಇಳಿದರೆ ಇವತ್ತು ಒಂದು ಕೀ, ಮುಂದಿನ ವಾರ ಪಕ್ಕದ್ದು.

ಸ್ಯಾನ್ ಹೋಸೆಯಿಂದ, ಊರು ಶಿವಮೊಗ್ಗ

ನಾನು ಮೈದುನನ ಮಾತಿಗಷ್ಟೇ ಉತ್ತರ ಕೊಡುತ್ತೇನೆ. 2018ರ ಮ್ಯಾಕ್‌ಬುಕ್ ಪ್ರೋ ಬೇಡ. ಕೀಬೋರ್ಡ್ ಕಾಟ ತಪ್ಪಿಸಿಕೊಳ್ಳಲು ಹೋಗಿ ಅದೇ ಕಾಟಕ್ಕೆ ಹೆಸರಾದ ಯಂತ್ರವನ್ನು ತಗೊಂಡಂತೆ ಆಗುತ್ತದೆ.

ಸಾಮಾನ್ಯವಾಗಿ ಲ್ಯಾಪ್‌ಟಾಪ್ ಕೀಯ ಕೆಳಗೆ ಕತ್ತರಿಯ ಹಾಗೆ ಅಡ್ಡಡ್ಡ ಕೂಡಿದ ಎರಡು ತುಂಡುಗಳಿರುತ್ತವೆ. 2015ರಲ್ಲಿ 12 ಇಂಚಿನ ಮ್ಯಾಕ್‌ಬುಕ್‌ಗೆ ಆಪಲ್ ಅದನ್ನು ಬಿಟ್ಟು, ಚಿಟ್ಟೆ ರೆಕ್ಕೆಯ ಹಾಗೆ ಮಡಚುವ ಬಟರ್‌ಫ್ಲೈ ತಂದಿತು. ಯಂತ್ರ ತೆಳುವಾಗಬೇಕಿತ್ತು, ಅದಕ್ಕೆ. ಒತ್ತಿದರೆ ಕೀ ಸುಮಾರು ಅರ್ಧ ಮಿಲಿಮೀಟರ್ ಇಳಿಯುತ್ತಿತ್ತು, ಅಷ್ಟೇ. ಅಷ್ಟು ಸಣ್ಣ ಸಂದಿಗೆ ಒಂದು ಧೂಳಿನ ಕಣ ಹೊಕ್ಕರೂ ಕೀ ಸಿಕ್ಕಿಕೊಳ್ಳುತ್ತದೆ. ಅಕ್ಷರ ಬೀಳುವುದಿಲ್ಲ, ಇಲ್ಲವೇ ಎರಡು ಸಲ ಬೀಳುತ್ತದೆ. ನೀವು ಹೇಳಿದ ಲಕ್ಷಣಗಳೇ. 2016ರಿಂದ ಪ್ರೋ ಮಾಡೆಲ್‌ಗಳಿಗೂ 2018ರಲ್ಲಿ ಏರ್‌ಗೂ ಇದೇ ಬಂತು. ಡಬ್ಬಿಯ ಗಾಳಿ ಹೊಡೆದು ಸ್ವಚ್ಛ ಮಾಡಿ ಅಂತ ಕಂಪನಿಯೇ ಸೂಚನೆ ಕೊಟ್ಟಿತ್ತು, ಲ್ಯಾಪ್‌ಟಾಪನ್ನು 75 ಡಿಗ್ರಿ ಓರೆಯಾಗಿ ಹಿಡಿಯಬೇಕು ಅಂತ ಲೆಕ್ಕ ಬೇರೆ.

ಗಲಾಟೆ ಜಾಸ್ತಿ ಆದ ಮೇಲೆ 2018ರ ಜೂನ್‌ನಲ್ಲಿ ಉಚಿತ ರಿಪೇರಿ ಯೋಜನೆ ಶುರುವಾಯಿತು. ಅದೇ ವರ್ಷ ಬಂದ ಪ್ರೋದಲ್ಲಿ ಕೀಗಳ ಕೆಳಗೆ ತೆಳು ಸಿಲಿಕೋನ್ ಪೊರೆ ಹಾಕಿದರು. 2019ರ ಮೇನಲ್ಲಿ ವಸ್ತುವನ್ನೇ ಬದಲಿಸಿದೆವು ಎಂದರು. ತಮಾಷೆ ಏನೆಂದರೆ, ಆ ಹೊಸ ಮಾಡೆಲ್ ಘೋಷಣೆಯಾದ ದಿನವೇ ಅದು ರಿಪೇರಿ ಪಟ್ಟಿಗೂ ಸೇರಿತು. ಕೂಸು ಹುಟ್ಟಿದ ದಿನವೇ ಆಸ್ಪತ್ರೆ ಚೀಟಿ ಮಾಡಿಸಿಟ್ಟ ಹಾಗೆ. ಕೊನೆಗೆ 2019ರ ನವೆಂಬರ್‌ನಲ್ಲಿ 16 ಇಂಚಿನ ಪ್ರೋದಿಂದ ಕತ್ತರಿ ಮಾದರಿಗೇ ವಾಪಸ್ಸಾದರು. 2020ರ ಮೇ ಹೊತ್ತಿಗೆ ಏರ್‌ನಲ್ಲೂ 13 ಇಂಚಿನ ಪ್ರೋದಲ್ಲೂ ಬಟರ್‌ಫ್ಲೈ ಹೋಯಿತು.

ಈಗ ನಿಮಗೆ ಬೇಕಾದ ಭಾಗ. ಆ ಯೋಜನೆಯ ನಾಲ್ಕು ವರ್ಷವನ್ನು ಎಣಿಸುವುದು ನೀವು ಕೊಂಡ ದಿನದಿಂದ ಅಲ್ಲ, ಅಂಗಡಿಯಿಂದ ಮೊದಲ ಸಲ ಮಾರಾಟವಾದ ದಿನದಿಂದ. 2018ರದ್ದಕ್ಕೆ ಅದು ಮುಗಿದು ವರ್ಷಗಳಾದವು. ಕೀಬೋರ್ಡ್ ಕೆಟ್ಟರೆ ಅಲ್ಲೂ ಮೇಲಿನ ಭಾಗ ಬ್ಯಾಟರಿ ಸಮೇತ ಬದಲಾಗಬೇಕು, ಖರ್ಚೆಲ್ಲ ನಿಮ್ಮದೇ. ಇಲ್ಲಿಂದ ಊರಿಗೆ ಬರುವಾಗ ನಮ್ಮವರು ಲ್ಯಾಪ್‌ಟಾಪ್ ತಂದುಕೊಡುತ್ತಾರಲ್ವಾ, ಅಂಥದ್ದಕ್ಕೆ ಇನ್ನೊಂದು ಷರತ್ತೂ ಇತ್ತು. ಕೊಂಡ ದೇಶದಲ್ಲಿ ಮಾತ್ರ ರಿಪೇರಿ ಎಂದು ಕಂಪನಿ ಸೀಮಿತಗೊಳಿಸಬಹುದು ಅಂತ.

ಆಪಲ್ ದುಡ್ಡು ಕೊಟ್ಟಿತಂತೆ ಅಂತ ಯಾರಾದರೂ ಹೇಳಿದರೆ, ಹೌದು, ಕೋರ್ಟಿನಲ್ಲಿ 5 ಕೋಟಿ ಡಾಲರ್‌ಗೆ 2022ರಲ್ಲಿ ರಾಜಿಯಾಯಿತು. ತಪ್ಪು ಒಪ್ಪಿಕೊಳ್ಳಲಿಲ್ಲ. ಅದು ಅಮೆರಿಕದ ಏಳು ರಾಜ್ಯಗಳಲ್ಲಿ ಕೊಂಡವರಿಗೆ ಮಾತ್ರ, ಎರಡು ಸಲ ಪ್ಯಾನೆಲ್ ಬದಲಿಸಿದವರಿಗೆ ಹೆಚ್ಚೆಂದರೆ 395 ಡಾಲರ್. ಭಾರತದಲ್ಲಿ ಕೊಂಡವರಿಗೆ ಅದರಲ್ಲಿ ಪಾಲಿಲ್ಲ.

ಮಂಗಳೂರಿನಿಂದ, ನಿವೃತ್ತ ಬ್ಯಾಂಕ್ ನೌಕರ

ಮೇಲಿನವರು ಹೇಳಿದಂಥ ಯೋಜನೆ ಬೇರೆ ಕಂಪನಿಗಳಲ್ಲೂ ಇರುತ್ತದೆ, ಆದರೆ ಕೌಂಟರಿನಲ್ಲಿ ಕೂತವರು ತಾವಾಗಿ ಹೇಳುವುದಿಲ್ಲ. ಮಗಳ ಲ್ಯಾಪ್‌ಟಾಪ್ ಕೆಟ್ಟಾಗ (ಕಂಪನಿಯ ಹೆಸರು ನಾನೂ ಹೇಳುವುದಿಲ್ಲ) ವೆಬ್‌ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿದರೆ ಉಚಿತ ದುರಸ್ತಿಗೆ ಅರ್ಹ ಎಂದು ಬಂತು. ಅಂಗಡಿಗೆ ಹೋದರೆ ವಾರಂಟಿ ಮುಗಿದಿದೆ ಎಂದರು. ವಾರಂಟಿ ಕೇಳುತ್ತಿಲ್ಲ, ಈ ಯೋಜನೆ ಕೇಳುತ್ತಿದ್ದೇನೆ ಎಂದು ಪ್ರಿಂಟ್ ತೋರಿಸಿದೆ. ಆಗ ನೀರು ಬಿದ್ದಿದೆ ಎಂದರು. ಎಲ್ಲಿ, ಫೋಟೊ ತೆಗೆದು ಕೊಡಿ ಎಂದೆ. ಫೋಟೊ ಬರಲಿಲ್ಲ. ಜಾಬ್ ಶೀಟ್‌ನಲ್ಲಿ ಏನು ಕೆಟ್ಟಿದೆ, ಯಾಕೆ ಮಾಡುವುದಿಲ್ಲ ಎಂದು ಬರೆದು ಸಹಿ ಹಾಕಿ ಎಂದೆ. ನಲವತ್ತು ವರ್ಷ ಕೌಂಟರಿನ ಆ ಕಡೆ ಕೂತವನು ನಾನು. ಬಾಯಲ್ಲಿ ಇಲ್ಲ ಅನ್ನುವುದು ಸುಲಭ, ಬರೆದು ಇಲ್ಲ ಅನ್ನುವುದಕ್ಕೆ ಎಲ್ಲರಿಗೂ ಕೈ ನಡುಗುತ್ತದೆ.

ನಡುವೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ಅವರು ತೀರ್ಪು ಕೊಡುವವರಲ್ಲ, ಕಂಪನಿಗೆ ದೂರು ಮುಟ್ಟಿಸುತ್ತಾರೆ. ಅಷ್ಟರಿಂದಲೇ ನಮಗೆ ಫೋನ್ ಬಂತು, ನಾಲ್ಕನೇ ಭೇಟಿಗೆ ಕೆಲಸ ಆಯಿತು. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನಿಮ್ಮ ಊರಲ್ಲೇ ಹಾಕಬಹುದು, ಐದು ಲಕ್ಷದವರೆಗಿನ ಸಾಮಾನಿಗೆ ಶುಲ್ಕವಿಲ್ಲ. ದೂರಿಗೆ ಕಾರಣವಾದ ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು.

ಯಂತ್ರ ಕೊಡುವ ಮೊದಲು ಫೈಲೆಲ್ಲ ಬೇರೆ ಕಡೆ ತೆಗೆದಿಟ್ಟುಕೊಳ್ಳಮ್ಮ. ಮಗಳ ಪ್ರಾಜೆಕ್ಟ್ ವರದಿ ಹಾಗೇ ಹೋಯಿತು.

ಕಲಬುರಗಿಯಿಂದ

ರಿಪೇರಿ ಆಗುವ ತನಕ ಪವರ್‌ಟಾಯ್ಸ್ ಹಾಕಿಕೊಳ್ಳಿ ಅಕ್ಕಾ, ಮೈಕ್ರೋಸಾಫ್ಟ್‌ನದ್ದೇ, ಪುಕ್ಕಟೆ. ಅದರಲ್ಲಿ ಕ್ಯಾಪ್ಸ್ ಲಾಕ್ ಕೀಯನ್ನು ಎಫ್ ಮಾಡಿಕೊಳ್ಳಬಹುದು. ನಾನು ಒಂದು ಬೇಸಿಗೆ ಪೂರ್ತಿ ಹಾಗೇ ದೂಡಿದೆ. ಈಗ ಸರಿಯಾದ ಕೀಬೋರ್ಡ್ ಇದ್ದರೂ ಕಿರುಬೆರಳು ಸುಮ್ನೆ ಕ್ಯಾಪ್ಸ್ ಲಾಕ್ ಕಡೆಗೇ ಹೋಗುತ್ತದೆ.

ಹಾಸನದಿಂದ

ಎಲ್ಲರೂ ಕೀಬೋರ್ಡ್ ಕೀಬೋರ್ಡ್ ಅನ್ನುತ್ತಿದ್ದೀರಿ. ಟಚ್‌ಪ್ಯಾಡ್ ಗಟ್ಟಿಯಾಗಿದೆ ಎಂದಿದ್ದಾರಲ್ಲ, ಯಾರೂ ನೋಡಲಿಲ್ವಾ? ಮೇಡಂ, ಲ್ಯಾಪ್‌ಟಾಪ್ ಆಫ್ ಮಾಡಿ, ಮುಚ್ಚಿ, ಸಮತಟ್ಟಾದ ಮೇಜಿನ ಮೇಲಿಡಿ. ಒಂದು ಮೂಲೆ ಒತ್ತಿದರೆ ಅಲ್ಲಾಡುತ್ತದಾ? ಬ್ಯಾಟರಿ ಇರುವುದು ಟಚ್‌ಪ್ಯಾಡ್ ಮತ್ತು ಕೀಬೋರ್ಡಿನ ಕೆಳಗೇ. ಅದು ಉಬ್ಬಿದರೆ ಎರಡನ್ನೂ ಒಳಗಿಂದ ಮೇಲಕ್ಕೆ ನೂಕುತ್ತದೆ. ನನ್ನದೂ ಹೀಗೇ ಆಗಿತ್ತು, ಮೂರು ವಾರ ಧೂಳು ಒರೆಸುತ್ತಾ ಕೂತಿದ್ದೆ. ಅಲ್ಲಾಡಿದರೆ ಚಾರ್ಜಿಗೆ ಹಾಕಲೇಬೇಡಿ. ಒತ್ತಿ ಸರಿಮಾಡಲು, ಚುಚ್ಚಲು ಹೋಗಬೇಡಿ, ಬೆಂಕಿ ಹತ್ತಬಹುದು.

ಕೇಳಿದವರು, ಹನ್ನೆರಡು ದಿನದ ಮೇಲೆ

ಎಲ್ಲರಿಗೂ ಧನ್ಯವಾದ. ಹಾಸನದವರೇ, ನಿಮಗೆ ಒಂದು ಕೆಜಿ ಪೇಡೆ ಬಾಕಿ ಇದೆ. ಮೇಜಿನ ಮೇಲಿಟ್ಟರೆ ತೊಟ್ಟಿಲ ಹಾಗೆ ತೂಗುತ್ತಿತ್ತು. ಅದೇ ದಿನ ರಿಪೇರಿಯವರ ಹತ್ತಿರ ಒಯ್ದೆ. ಬ್ಯಾಟರಿ ಉಬ್ಬಿ ದಿಂಬಾಗಿತ್ತು. 18,500 ಹೇಳಿದವರು ಇದನ್ನು ತೆಗೆದೇ ನೋಡಿರಲಿಲ್ಲ ಅನಿಸುತ್ತದೆ. ಅವರು ಕೊಟ್ಟ ಚೀಟಿಯಲ್ಲಿ ಕೀಬೋರ್ಡ್ ದೋಷ ಎಂದಷ್ಟೇ ಇದೆ. ಕಂಪನಿಯ ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿದೆ, ನನ್ನ ಮಾಡೆಲ್‌ಗೆ ಯಾವ ಯೋಜನೆಯೂ ಇಲ್ಲ.

ಹೊಸ ಬ್ಯಾಟರಿಗೆ 4,200 ಆಯಿತು. ಟಚ್‌ಪ್ಯಾಡ್ ಮೊದಲಿನಂತಾಗಿದೆ. ಎಫ್ ಈಗ ತಪ್ಪದೆ ಬೀಳುತ್ತದೆ. ಸ್ಪೇಸ್‌ಬಾರ್ ಮಾತ್ರ ದಿನಕ್ಕೆ ನಾಲ್ಕೈದು ಸಲ ಎರಡು ಬೀಳುತ್ತದೆ, ಅದಕ್ಕೆ 650 ಕೊಟ್ಟು ಒಂದು ಯುಎಸ್‌ಬಿ ಕೀಬೋರ್ಡ್ ತಂದಿದ್ದೇನೆ. ಮೈದುನನಿಗೆ ಮ್ಯಾಕ್‌ಬುಕ್ ಕಥೆ ಓದಿಸಿದೆ. ಅವನು ಆಗಲೇ ಅಡ್ವಾನ್ಸ್ ಕೊಟ್ಟು ಬಂದಿದ್ದನಂತೆ, ತನಗೇ ಅಂತ.